ಏರಿನಲ್ಲಿ ‘ರೀ’, ಇಳಿಜಾರಿನಲ್ಲಿ ‘ಲೇ’

ಒಂದು ಮೋಟಾರಿನೊಳಗೆ ಮೂವತ್ತು ಮಂದಿಯನ್ನು ತುಂಬಿ, ಅವರ ಮುಂದೆ ಒಬ್ಬ ಸಿಟ್ಟಿನ ಮನುಷ್ಯನನ್ನೂ ಹಿಂದೆ ಒಬ್ಬ ಅಂಜುಬುರುಕನನ್ನೂ ಕೂಡಿಸಿದ ಮೇಲೆ, ದಿನಕ್ಕೊಂದು ಪ್ರಸಂಗ ನಡೆಯದಂತೆ ತಡೆಯುವುದು ಸಾಕ್ಷಾತ್ ಶ್ರೀಹರಿಗೂ ಕಷ್ಟವೇ. ಮುಂದಿನ ಸಿಟ್ಟಿನ ಮನುಷ್ಯ ನಮ್ಮ ಡ್ರೈವರ. ಹಿಂದಿನ ಅಂಜುಬುರುಕ ನಾನು, ಕಂಡಕ್ಟರ.

ಅದು ಯುದ್ಧದ ಕಾಲ. ರಾಯಚೂರಿನಿಂದ ಒಂದು ದಿನ ಮಾನ್ವಿಗೆ, ಒಂದು ದಿನ ದೇವದುರ್ಗಕ್ಕೆ ಹೋಗಿ ತಂಗುವುದು, ಮರುದಿನ ಬೆಳಿಗ್ಗೆ ಮರಳುವುದು ನಮ್ಮ ಬಸ್ಸಿನ ಕೆಲಸ. ಪೆಟ್ರೋಲೆಲ್ಲ ಲಡಾಯಿಗೆ ಹೋಗಿತ್ತು. ನಮ್ಮ ಪಾಲಿಗೆ ಉಳಿದದ್ದು ಇದ್ದಲು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕಬ್ಬಿಣದ ಒಲೆ ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಅದರ ಗ್ಯಾಸಿನಿಂದ ಇಂಜಿನ್ ನಡೆಸಬೇಕು. ನಾನು ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಣೆಯ ಮೇಲಿನ ಗೋಪೀಚಂದನ ಒಣಗುವುದರೊಳಗೆ ಆ ಒಲೆಯ ಮುಂದೆ ಕೂತು ಗಾಳಿ ಹಾಕಬೇಕಿತ್ತು. ಪ್ರಾಣದೇವರ ಪೂಜೆ ಮಾಡಿಕೊಂಡಿದ್ದ ನಮ್ಮ ತಂದೆಯವರು ಈ ನೌಕರಿಗೆ ಮೊದಲು ಮುಖ ಸಿಂಡರಿಸಿದ್ದರು. ಒಮ್ಮೆ ಬಂದು ನೋಡಿದ ಮೇಲೆ, “ಇರಲಿ ಬಿಡಪ್ಪ, ಇದೂ ಅಗ್ನಿಕಾರ್ಯನ. ಆದ್ರ ಮಂತ್ರ ಮಾತ್ರ ಆ ನಿಮ್ಮ ಡ್ರೈವರನ ಬಾಯಿಂದ ಕೇಳಬ್ಯಾಡ” ಅಂದರು.

ಆ ಡ್ರೈವರನನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಚಂದ್ರಬಂಡದವನು. ಕೈ ಬಲು ಒಳ್ಳೆಯದು. ತುಂಬಿದ ಬಸ್ಸನ್ನು ಹಾಲಿನ ತಂಬಿಗೆಯಂತೆ ತುಳುಕದೆ ಒಯ್ಯುತ್ತಿದ್ದ. ಮನಸ್ಸೂ ಒಳ್ಳೆಯದು. ನಡುವೆ ಇರುವ ಬಾಯಿಯದೊಂದೇ ತೊಂದರೆ.

ಎರಡು ಆಗಿದ್ದವು

ನಮ್ಮ ಸರ್ವೀಸಿನಲ್ಲಿ ಶಿಕಾಯತ್ ಬುಕ್ಕು ಅಂತ ಒಂದು ದೂರಿನ ಪುಸ್ತಕ ಇತ್ತು. ಯಾರಿಗಾದರೂ ಅಮರ್ಯಾದೆ ಆಯಿತೆಂದರೆ ಅದರಲ್ಲಿ ಬರೆಯಬಹುದು. ಒಬ್ಬನ ಮೇಲೆ ಮೂರು ಶಿಕಾಯತ್ ಆದರೆ ಅವನ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಕಿತ್ತುಕೊಂಡು ಮನೆಗೆ ಕಳಿಸುವರು. ಆ ಬುಕ್ಕು ನನ್ನ ಚೀಲದಲ್ಲಿರುತ್ತಿತ್ತು. ಅದರ ಭಾರ ನನ್ನ ಎದೆಯ ಮೇಲಿರುತ್ತಿತ್ತು.

ಉಸ್ತಾದನ ಮೇಲೆ ಎರಡು ಆಗಿದ್ದವು.

ಮೊದಲನೆಯದು ಒಬ್ಬ ವಕೀಲರದು. ಅವರು ಬಸ್ಸಿನ ನೆತ್ತಿಗೆ, ಟಪ್ಪಿನ ಮೇಲೆ ಇಟ್ಟ ತಮ್ಮ ಟ್ರಂಕಿನ ಬಗ್ಗೆ ಹತ್ತು ಸಲ ವಿಚಾರಿಸಿದ್ದಕ್ಕೆ, ಉಸ್ತಾದ ಅವರನ್ನೂ ಟಪ್ಪಿನ ಮೇಲೆ ಹತ್ತಿಸಿ ಟ್ರಂಕಿನ ಪಕ್ಕ ಕೂಡಿಸಿದ್ದ. ಎರಡನೆಯದು ದೇವದುರ್ಗದ ಒಬ್ಬ ಗುಮಾಸ್ತರದು. “ಇನ್ನೂ ಎಷ್ಟೊತ್ತು, ಇನ್ನೂ ಎಷ್ಟೊತ್ತು” ಅಂತ ಅವರು ಆರನೆಯ ಸಲ ಕೇಳಿದಾಗ ಉಸ್ತಾದ ಬಸ್ಸು ನಿಲ್ಲಿಸಿ, ಇಳಿದು, ಬೇವಿನ ಗಿಡದ ಕೆಳಗೆ ಕೂತು ಬೀಡಿ ಹಚ್ಚಿದ. “ನೀನ ಹೊಡ್ಕೊಂಡು ಹೋಗಪ್ಪ. ನನಗಿಂತ ನಿನಗ ಅವಸರ ಭಾಳ ಅದ.”

ಎರಡನೆಯದು ಆದ ದಿನ ನಾನು ಅವನನ್ನು ಕೇಳಿದೆ: “ಉಸ್ತಾದ್, ಮೂರನೇದೂ ಆತಂದ್ರ ಏನು ಮಾಡ್ತೀ?”

“ನಮ್ಮಪ್ಪ ಎತ್ತು ಹೊಡೀತಿದ್ದ, ಆಚಾರ್ರ. ನನಗ ಎತ್ತಿನ ಬ್ರೇಕ್ ಎಲ್ಲಿರ್ತದ ಅಂತ ಸೈತ ಗೊತ್ತಿಲ್ಲ.”

ನಗುತ್ತಲೇ ಹೇಳಿದ. ಆದರೆ ಹೇಳುವಾಗ ಅವನ ಕೈ ಎದೆಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಿತು. ಮನೆಯಲ್ಲಿ ನಾಲ್ಕು ಮಕ್ಕಳು, ಕಣ್ಣು ಕಾಣದ ತಾಯಿ. ಅಂದಿನಿಂದ ನನ್ನ ಸಂಧ್ಯಾವಂದನೆಯ ಸಂಕಲ್ಪದಲ್ಲಿ ನನ್ನ ಗೋತ್ರದ ಜೊತೆಗೆ ಅವನ ಬಾಯಿಯೂ ಸೇರಿಕೊಂಡಿತು.

ಸಕ್ಕರೆ ಬಂದರೆ ರಟ್ಟೆಗೆ ಕೆಲಸ

ಇದ್ದಲಿನ ಬಸ್ಸಿಗೆ ಒಂದು ದೌರ್ಬಲ್ಯ. ಬಯಲಿನಲ್ಲಿ ಹೇಗೋ ಹೋಗುತ್ತದೆ. ಏರು ಬಂದರೆ ಉಸಿರು ಕಟ್ಟುತ್ತದೆ. ಆಗ ಜನ ಇಳಿದು ದಬ್ಬಬೇಕು. ಹಿಂದಿನವರು ದಬ್ಬಿದಂತೆ ಒಬ್ಬರು ಗಾಲಿಯ ಹಿಂದೆ ಕಲ್ಲು ಇಡುತ್ತ ಬರಬೇಕು. ಮಾನ್ವಿ ದಾರಿಯಲ್ಲಿ ಮರಡಿ ಏರು ಅಂತ ಒಂದಿತ್ತು. ಅಲ್ಲಿ ದಬ್ಬದೆ ಹೋದ ಬಸ್ಸಿಲ್ಲ.

ಬೈಸಿಕೊಂಡ ಜನ ದಬ್ಬುವರೇ? ಹೀಗಾಗಿ ಏರಿನ ಬುಡಕ್ಕೆ ಬರುತ್ತಲೇ ನಮ್ಮ ಉಸ್ತಾದ ಬೇರೆಯೇ ಮನುಷ್ಯ. “ಇಳೀರಿ ಯಪ್ಪಾ. ನಿಧಾನ ಯವ್ವಾ, ಸೀರಿ ಸಿಗ್ತದ. ಒಂದೀಟು ಕೈ ಹಚ್ಚರಿ, ನಿಮ್ಮ ಹೊಟ್ಟಿ ತಣ್ಣಗಿರಲಿ.” ಆ ದನಿ ಕೇಳಿದರೆ ಹರಿಕಥೆ ದಾಸರೂ ನಾಚಬೇಕು. ಏರಿನ ನೆತ್ತಿ ಮುಟ್ಟಿತೋ, “ಹತ್ರಲೇ ಲಗೂ ಲಗೂ, ನಿಮ್ಮಪ್ಪನ ಹೊಲ ಏನು ಇದು, ನಿಂತು ನೋಡಾಕ.”

ಹಿರೇಕೊಟ್ನೆಕಲ್ಲಿನ ಕೋಳಿ ಮಾರುವ ಅಜ್ಜಿಯೊಬ್ಬಳು ವಾರಕ್ಕೆರಡು ಸಲ ನಮ್ಮ ಬಸ್ಸಿಗೆ ಬರುತ್ತಿದ್ದಳು. ಹೊಸಬರು ಯಾರಾದರೂ ಉಸ್ತಾದನ ಬಾಯಿಗೆ ಬೇಜಾರು ಮಾಡಿಕೊಂಡರೆ ಅವಳೇ ತಿಳಿಹೇಳುವಳು: “ಇವನು ಬೈತಾನಂದ್ರ ಆರಾಮ ಕುಂದ್ರು ತಮ್ಮಾ, ದಾರಿ ನೆಟ್ಟಗದ ಅಂತ ಅರ್ಥ. ಇವನ ಬಾಯಾಗ ಸಕ್ರಿ ಬಂತಂದ್ರ ನಮ್ಮ ರಟ್ಟಿಗೆ ಕೆಲಸ ಬಂತು.”

ನಿತ್ಯ ಬರುವವರಿಗೆ ಇದು ಎಷ್ಟು ರೂಢಿಯಾಯಿತೆಂದರೆ, ದಾರಿಯುದ್ದಕ್ಕೂ ಬೈಗುಳದ ನಡುವೆ ಗೊರಕೆ ಹೊಡೆಯುತ್ತಿದ್ದವರು, “ಯಪ್ಪಾ” ಅಂದ ಕೂಡಲೇ ದಡಕ್ಕನೆ ಎದ್ದು ಧೋತರ ಕಚ್ಚೆ ಬಿಗಿಯುತ್ತಿದ್ದರು.

ಕೈ ಖಾಲಿ ಇರಲಿಲ್ಲ

ಒಂದು ದಿನ ಮಾನ್ವಿಯಿಂದ ಮರಳುವಾಗ ಇಸ್ತ್ರಿ ಕೋಟಿನ ಸಾಹೇಬರೊಬ್ಬರು ಹತ್ತಿದರು. ಮರಡಿ ಏರಿನಲ್ಲಿ ಎಲ್ಲರೂ ಇಳಿದರೂ ಅವರು ಇಳಿಯಲಿಲ್ಲ.

“ನಾನು ಕುಂದ್ರಾಕ ಟಿಕೀಟು ತೊಗೊಂಡೀನಿ. ದಬ್ಬಾಕಲ್ಲ.”

ಉಸ್ತಾದನ ಕುತ್ತಿಗೆಯ ನರ ಉಬ್ಬಿತು. ನಾನು ಓಡಿಹೋಗಿ ಅವನ ಮುಂದೆ ಎರಡು ಬೆರಳು ಎತ್ತಿ ತೋರಿಸಿದೆ. ಎರಡು ಆಗಿದಾವಪ್ಪ, ನೆನಪಿಟ್ಟುಕೋ ಅಂತ. ಅವನು ಹಲ್ಲು ಕಚ್ಚಿ, “ಕೂಡ್ರಿ ಸಾಹೇಬರ, ಕೂಡ್ರಿ” ಅಂದ.

ಕೇಳಿದ ಅಜ್ಜಿ ಕಿಟಕಿಗೆ ಬಂದಳು. “ಯಪ್ಪಾ, ಹೆಂಗೂ ಕುಂತೇ ಅದೀಯಲ್ಲ, ಈ ಕೋಳಿ ಬುಟ್ಟಿ ಒಂದೀಟು ಹಿಡಿ. ಕೆಳಗಿಟ್ರ ನಾಯಿ ಬರ್ತಾವ.” ಬುಟ್ಟಿ ಅವರ ತೊಡೆಗೆ ಹೋಯಿತು. ಅವಳ ಹಿಂದಿದ್ದ ಹೆಂಗಸು ತನ್ನ ಕೂಸನ್ನು ಕೊಟ್ಟಳು. “ಅಳಂಗಿಲ್ರಿ ಅದು, ಸುಮ್ಮನ ಸೀಟಿ ಹೊಡೀರಿ.” ಮತ್ತೊಬ್ಬರು ಮಜ್ಜಿಗೆಯ ಗಡಿಗೆ. ಇನ್ನೊಬ್ಬರು ಇನ್ನೊಂದು ಕೂಸು. ಬಸ್ಸು ನೆತ್ತಿ ಮುಟ್ಟುವ ಹೊತ್ತಿಗೆ ಸಾಹೇಬರ ಕೋಟಿನ ಮೇಲೆ ಒಂದು ಸಂಸಾರವೇ ಇತ್ತು, ಸಿಳ್ಳೆಯ ಸಪ್ಪಳವೂ ಕೇಳುತ್ತಿತ್ತು.

“ಶಿಕಾಯತ್ ಬುಕ್ಕು ಕೊಡು,” ಅಂದರು ನನಗೆ.

ಪ್ರಾಣದೇವರನ್ನು ನೆನೆಯುತ್ತ ಬುಕ್ಕು ತೆರೆದು ಅವರ ಮುಂದೆ ಹಿಡಿದೆ. ಪೆನ್ಸಿಲನ್ನೂ ಹಿಡಿದೆ. ಸಾಹೇಬರು ಬುಕ್ಕು ನೋಡಿದರು, ಪೆನ್ಸಿಲು ನೋಡಿದರು, ಆಮೇಲೆ ತಮ್ಮ ಎರಡು ಕೈ ನೋಡಿಕೊಂಡರು. ಒಂದರಲ್ಲಿ ಕೂಸು, ಇನ್ನೊಂದರಲ್ಲಿ ಗಡಿಗೆ. ಒಬ್ಬೊಬ್ಬರ ಆಸ್ತಿಯನ್ನು ಒಬ್ಬೊಬ್ಬರಿಗೆ ತಲುಪಿಸುವುದರೊಳಗೆ ರಾಯಚೂರಿನ ಕೋಟೆ ಬಾಗಿಲು ಬಂದೇಬಿಟ್ಟಿತು. ಇಳಿಯುವಾಗ ಅವರು ಬರೆಯುವುದನ್ನೂ ಮರೆತು, “ಆ ಸಣ್ಣ ಕೂಸಿಗೆ ಹಾಲು ಸಾಲವಲ್ದು ನೋಡವ್ವಾ” ಅಂತ ಅದರ ತಾಯಿಗೆ ಬೈದು ಹೋದರು.

ಬಾಯಲ್ಲಿ ತೀರ್ಥ

ಪ್ರತಿ ಸಲವೂ ಕೂಸುಗಳು ನಮ್ಮನ್ನು ಕಾಯುವುದಿಲ್ಲವಲ್ಲ. ನಾನು ಉಸ್ತಾದನಿಗೆ ಒಂದು ಉಪಾಯ ಹೇಳಿದೆ. ಸಿಟ್ಟು ಬಂದ ಕೂಡಲೇ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ಸಿಟ್ಟು ಇಳಿಯುವವರೆಗೆ ನುಂಗಬಾರದು. ನಮ್ಮ ಅಜ್ಜಿ ನಮ್ಮ ತಾತನಿಗೆ ಕಲಿಸಿದ ಉಪಾಯ ಅದು. ನನ್ನ ತಾಮ್ರದ ಚೊಂಬಿನಲ್ಲಿ ತುಳಸಿ ಹಾಕಿ ಅವನ ಪಕ್ಕದಲ್ಲಿಟ್ಟೆ.

ಅಂದು ದೇವದುರ್ಗದ ಪಾಳಿ. ಬಸ್ಸು ಹೊರಡುವಾಗಲೇ ಒಬ್ಬರು ಕಿಟಕಿಯಲ್ಲಿ ತಲೆ ಹಾಕಿ, “ಇದು ದೇವದುರ್ಗಕ್ಕ ಹೋಗ್ತದೇನ್ರಿ?” ಅಂದರು. ಉಸ್ತಾದ ತಲೆಯಾಡಿಸಿದ. “ಬಾಯಿ ಬಿಟ್ಟು ಹೇಳ್ರಿ, ಹೋಗ್ತದೋ ಇಲ್ಲೋ?” ಉಸ್ತಾದ ಒಂದು ಗುಟುಕು ಹಾಕಿಕೊಂಡ. “ಏನ್ರಿ, ಮಾತಾಡಾಕ ಬರಂಗಿಲ್ಲೇನು?” ಕೆನ್ನೆ ಇನ್ನೂ ಉಬ್ಬಿತು. “ಪಾಪ, ಮೂಗ ಇದ್ದಾನ,” ಅಂತ ಅವರು ಹಿಂದಿನವರಿಗೆ ಹೇಳಿ ಹತ್ತಿದರು.

ಅಂದು ಒಂದೇ ಒಂದು ಬೈಗುಳ ಹೊರಬೀಳಲಿಲ್ಲ. ನಾನು ದಾರಿಯುದ್ದಕ್ಕೂ ಸ್ವಾಮಿಗೆ ಕೈ ಮುಗಿದೆ. ಆದರೆ ಸಿಟ್ಟಿನ ಗುಟುಕು ಕಡೆಗೆ ಹೋಗಬೇಕಾದದ್ದು ಹೊಟ್ಟೆಗೇ. ಚೊಂಬು ಮೂರು ಸಲ ತುಂಬಿಸಿದ್ದೆ. ನಡುದಾರಿಯಿಂದ ಶುರುವಾಯಿತು ನೋಡಿ. ಅರ್ಧ ಮೈಲಿಗೊಂದು ಜಾಲಿ ಗಿಡ, ಜಾಲಿ ಗಿಡಕ್ಕೊಮ್ಮೆ ಬಸ್ಸು ನಿಲ್ಲುವುದು, ಉಸ್ತಾದ ಇಳಿದು ಓಡುವುದು. ಎರಡು ತಾಸು ತಡವಾಗಿ ದೇವದುರ್ಗ ಮುಟ್ಟಿದೆವು.

ಸಂಜೆ ಅವನು ಚೊಂಬು ನನ್ನ ಕೈಗೆ ಕೊಟ್ಟು ಹೇಳಿದ: “ಆಚಾರ್ರ, ನಿಮ್ಮ ತಾತಗ ಇದು ನಡೀತಿತ್ತು. ಅವರು ಬಸ್ಸು ಹೊಡೀತಿದ್ದಿಲ್ಲ.”

ಸಾಹೇಬರು ಯಾರು?

ಅಷ್ಟರಲ್ಲಿ ಒಂದು ಸುದ್ದಿ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಯಾರಿಗೂ ಹೇಳದೆ ಬಸ್ಸುಗಳಲ್ಲಿ ಓಡಾಡಿ, ಡ್ರೈವರ ಕಂಡಕ್ಟರರ ಮರ್ಯಾದೆ ಪರೀಕ್ಷೆ ಮಾಡುತ್ತಿದ್ದಾರೆ ಅಂತ. ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ. ಟೊಪ್ಪಿಗೆ ಹಾಕಿದವರೆಲ್ಲ ಇನ್ಸ್‌ಪೆಕ್ಟರಂತೆ ಕಂಡರು. ಟೊಪ್ಪಿಗೆ ಇಲ್ಲದವರು ವೇಷ ಮರೆಸಿದ ಇನ್ಸ್‌ಪೆಕ್ಟರಂತೆ ಕಂಡರು.

ಒಂದು ಶನಿವಾರ ಕರಿ ಟೊಪ್ಪಿಗೆಯ ಹಿರಿಯರೊಬ್ಬರು ಹತ್ತಿ, ಕೂತವರೇ ಒಂದು ಪುಸ್ತಕ ತೆಗೆದು ಏನೋ ಬರೆಯತೊಡಗಿದರು. ಇವರೇ ಅಂದುಕೊಂಡೆ. ಸೀಟು ಒರೆಸಿ ಕೊಟ್ಟೆ. ಬಿಸಿಲು ಬಂತೆಂದು ಪರದೆ ಎಳೆದೆ. ನನ್ನ ಫಲಾಹಾರಕ್ಕೆಂದು ಕಟ್ಟಿಕೊಂಡಿದ್ದ ಬಾಳೆಹಣ್ಣು ಸುಲಿದು ಕೊಟ್ಟೆ. ಅವರು ತಿನ್ನುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಷ್ಟು ವರ್ಷದ ನೌಕರಿ?”

ಹೇಳಿದೆ. ಬರೆದುಕೊಂಡರು.

“ಯಾವ ಗೋತ್ರ?”

ಸರ್ವೀಸಿನವರಿಗೆ ಗೋತ್ರ ಯಾಕೆ ಅನ್ನಿಸಿದರೂ, ಕೇಳಿದವರು ಸಾಹೇಬರು. ಗೋತ್ರ, ಪ್ರವರ, ನಕ್ಷತ್ರ ಎಲ್ಲ ಕೈಕಟ್ಟಿ ನಿಂತು ಒಪ್ಪಿಸಿದೆ. ಬರೆದುಕೊಂಡರು.

“ಸ್ವಭಾವ ಭಾಳ ಮೃದು ಅದ. ಈ ಕಾಲದಾಗ ಇಂಥಾ ಹುಡುಗ ಸಿಗಂಗಿಲ್ಲ,” ಅಂದರು. “ಲಿಂಗಸೂಗೂರ ಕಡೆ ಒಂದು ಕನ್ಯಾ ಅದ. ಹಾಡು-ಹಸೆ ಎಲ್ಲಾ ಬರ್ತದ. ನಿಮ್ಮ ತಂದೆಯವರನ್ನ ಎಂದು ಕಾಣಲಿ?”

ಅವರು ಲಗ್ನ ಹೊಂದಿಸುವವರು. ಮೂರನೆಯ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳ ಜೊತೆ ತವರಿಗೆ ಹೊರಟಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗು ಸರಿಮಾಡಿಕೊಂಡು ಶಾಂತವಾಗಿ ಹೇಳಿದಳು: “ಅವಶ್ಯ ನೋಡ್ರಿ. ಇವರ ಅಂಗಿ ಇದ್ದಲು ಮಸಿ ತೊಳ್ಯಾಕ ನನಗೊಬ್ಬಾಕಿಗೆ ಆಗವಲ್ದು.”

ಮಾನ್ವಿಯ ಬಯಲಿನಲ್ಲಿ

ನಿಜವಾದ ಇನ್ಸ್‌ಪೆಕ್ಟರ್ ಬಂದದ್ದು ವೇಷ ಮರೆಸಿ ಅಲ್ಲ. ಶೇರವಾನಿ ತೊಟ್ಟು, ದಫ್ತರು ಹಿಡಿದು, ಮಾನ್ವಿಯ ಸ್ಟ್ಯಾಂಡಿಗೆ ಬೆಳಿಗ್ಗೆ ನೇರವಾಗಿ ಬಂದು, “ಇವತ್ತು ನಿಮ್ಮ ಬಸ್ಸಿನಾಗ ರಾಯಚೂರಿಗೆ ಬರ್ತೀನಿ” ಅಂತ ಮುಂದಿನ ಸೀಟಿನಲ್ಲಿ ಕೂತರು. ಬಸ್ಸು ತುಂಬಿತ್ತು. ಅಜ್ಜಿಯೂ ಕೋಳಿ ಬುಟ್ಟಿಯೂ ಇದ್ದವು. ಒಲೆ ಚೆನ್ನಾಗಿ ಕಾದಿತ್ತು, ಇಂಜಿನ್ ಚಾಲೂ ಇತ್ತು. ಗಾಲಿಯ ಕೆಳಗೆ ಕಲ್ಲು ಇತ್ತು, ಏಕೆಂದರೆ ಕೈಬ್ರೇಕು ಸತ್ತು ವರ್ಷವಾಗಿತ್ತು.

ಉಸ್ತಾದನ ಮುಖ ವಿಭೂತಿ ಬಣ್ಣಕ್ಕೆ ತಿರುಗಿತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ, “ಇವತ್ತೊಂದು ದಿನ, ಉಸ್ತಾದ್. ಬಾಯಾಗ ಬೆಲ್ಲ ಇಟ್ಕೋ,” ಅಂದೆ. ಅವನು ತಲೆಯಾಡಿಸಿ, ಹಿಂದಕ್ಕೆ ತಿರುಗಿ, ಜನರಿಗೆಲ್ಲ ಕೇಳುವಂತೆ ಹೇಳಿದ:

“ಎಲ್ಲಾರು ಆರಾಮ ಕುಂತೀರೇನ್ರಿ ಯಪ್ಪಾ? ಯವ್ವಾ, ಜಾಗ ಸಾಲ್ತದಿಲ್ರಿ? ಹೊರಡೋಣೇನ್ರಿ?”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ನಿಟ್ಟುಸಿರು ಬಿಟ್ಟು, ಬುಟ್ಟಿ ಸೀಟಿನ ಮೇಲಿಟ್ಟು ಎದ್ದಳು. “ಇಳೀರಪ್ಪ. ಇವತ್ತು ಊರಾಗಿಂದನ ದಬ್ಬಬೇಕಂತ.”

ಮೂವತ್ತು ಮಂದಿ ದಡದಡನೆ ಇಳಿದರು. ಯಾರೋ ರೂಢಿಯಂತೆ ಕಲ್ಲು ಸರಿಸಿದರು. ಅಂಗೈಯಂತೆ ಸಮನಾದ ಮಾನ್ವಿಯ ಬಯಲಿನಲ್ಲಿ, ಎದ್ದೆನೋ ಬಿದ್ದೆನೋ ಅಂತ ದಬ್ಬತೊಡಗಿದರು.

ಉಸ್ತಾದ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಎರಡೂ ಕೈ ಜೋಡಿಸಿದ. “ಬ್ಯಾಡ್ರಿ ಯಪ್ಪಾ. ಹತ್ರಿ ಯವ್ವಾ. ನಿಮ್ಮ ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬೀಳ್ತಾನಂದ್ರ ಏರು ಭಾಳ ದೊಡ್ಡದಿರಬೇಕು,” ಅಂತ ಹಿಂದಿನಿಂದ ಒಬ್ಬರು ಕೂಗಿದರು. “ಹಾಕ್ರಿ ಜೋರು.”

ಕೈ ಮುಗಿಯುವ ಗಡಿಬಿಡಿಯಲ್ಲಿ ಅವನು ಬ್ರೇಕಿನ ಮೇಲೆ ಕಾಲಿಡುವುದನ್ನು ಮರೆತಿದ್ದ. ಬಸ್ಸು ಉರುಳಿ, ಸ್ಟ್ಯಾಂಡು ದಾಟಿ, ಬಾವಿಯ ಕಟ್ಟೆಯ ಹತ್ತಿರ ಬಂತು. ಕೊಡ ಹಿಡಿದ ಹೆಂಗಸರು ಸರಿದು ನಿಂತರು. ಆಗ ಉಸ್ತಾದನ ಕಾಲಿಗೆ ಬುದ್ಧಿ ಬಂದು ಬಸ್ಸು ನಿಂತಿತು. ಜನ ದಬ್ಬುತ್ತಲೇ ಇದ್ದರು.

ಸಾಹೇಬರು ಕೇಳಿದರು: “ಇಂಜಿನ್ ಬಂದ್ ಬಿದ್ದದೇನು?”

“ಇಲ್ಲ ಹುಜೂರ್, ಚಾಲೂ ಅದ.”

“ಮತ್ತ ಇವರೆಲ್ಲ ಯಾಕ ದಬ್ಬಾಕತ್ತಾರ?”

ಉಸ್ತಾದ ಏನು ಹೇಳಿಯಾನು? ಮರ್ಯಾದೆ ಕೊಟ್ಟೆ, ಅದಕ್ಕೆ ಅಂತ ಹೇಳಬಹುದೇ? ಸಾಹೇಬರು ಹುಬ್ಬು ಗಂಟಿಕ್ಕಿ ದಫ್ತರು ಬಿಚ್ಚಿದರು. ಪೆನ್ನಿನ ಟೊಪ್ಪಿಗೆ ತೆಗೆದರು. ಉಸ್ತಾದನ ಕೈ ಬಿಲ್ಲೆಯ ಮೇಲೆ ಹೋಯಿತು.

ಜನ ಹತ್ತಬೇಕಾದರೆ ಒಂದು ಬೈಗುಳ ಬೇಕು. ಬೈದರೆ ಅವನ ಕೆಲಸ ಹೋಗುತ್ತದೆ. ಬೈಯದಿದ್ದರೂ ಹೋಗುತ್ತದೆ. ‘ಪ್ರಾಣದೇವರೇ, ಜನ್ಮದಲ್ಲಿ ಇದೊಂದೇ ಸಲ, ಕ್ಷಮಿಸು’ ಅಂದುಕೊಂಡು, ಕಣ್ಣು ಮುಚ್ಚಿ, ಇದ್ದಬದ್ದ ಉಸಿರೆಲ್ಲ ಕೂಡಿಸಿ ಅಬ್ಬರಿಸಿದೆ:

“ಹತ್ರಲೇ ಎಲ್ಲಾರು! ಏ ಮುದುಕಿ, ನಿನಗ ಬ್ಯಾರೆ ಹೇಳಬೇಕೇನು?”

ಕಣ್ಣು ತೆರೆದೆ. ದಬ್ಬುವುದು ನಿಂತಿತ್ತು. ಆದರೆ ಒಬ್ಬರೂ ಹತ್ತಿರಲಿಲ್ಲ. ಎಲ್ಲರೂ ನನ್ನ ಸುತ್ತ ನೆರೆದಿದ್ದರು. ಅಜ್ಜಿ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

“ಆಚಾರ್ರಿಗೆ ಏನೋ ಬಡದದ,” ಅಂದಳು. “ಯಾರರ ಒಂದು ನಿಂಬಿಹಣ್ಣು ತರ್ರೆಪ್ಪ.”

ಅಷ್ಟರಲ್ಲಿ ಮುಂದಿನಿಂದ ಸಿಡಿಲು ಹೊಡೆಯಿತು. ಬೆಳಗಿನಿಂದ ಬೆಲ್ಲದ ಕೆಳಗೆ ಹುಗಿದಿಟ್ಟದ್ದೆಲ್ಲ ಒಂದೇ ಸಲ ಹೊರಬಿತ್ತು. “ಏ ಆಚಾರಿ, ಯಾರಿಗಲೇ ಮುದುಕಿ ಅಂತೀ? ಆಕಿ ನಮ್ಮವ್ವ ಇದ್ದಂಗ ಅದಾಳ. ಇನ್ನೊಮ್ಮಿ ಅಂದು ನೋಡು, ನಿನ್ನ ನಾಲಿಗಿ ತಗದು ಇದ್ದಲು ಒಲಿಗೆ ಹಾಕ್ತೀನಿ.”

ಜನರ ಮುಖ ಅರಳಿತು.

“ಹಾಂ, ಬೈದ,” ಅಂದಳು ಅಜ್ಜಿ. “ಹತ್ರಿ ಹತ್ರಿ, ಏರು ಮುಗೀತು.”

ಚಿಟಿಕೆ ಹೊಡೆಯುವುದರೊಳಗೆ ಮೂವತ್ತು ಮಂದಿಯೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಇಬ್ಬರು ಆಗಲೇ ಗೊರಕೆಗೂ ತಯಾರಾಗಿದ್ದರು.

ರಾಯಚೂರಿನಲ್ಲಿ ಸಾಹೇಬರು ಇಳಿಯುವಾಗ ಶಿಕಾಯತ್ ಬುಕ್ಕು ಕೇಳಿ ತೆಗೆದುಕೊಂಡು, ಅದರಲ್ಲಿ ಬರೆದು ನನ್ನ ಕೈಗೆ ಕೊಟ್ಟು ಹೋದರು. ಆಗಿನ ಸರ್ಕಾರಿ ಭಾಷೆ ಉರ್ದುವಿನಲ್ಲಿತ್ತು. ಉಸ್ತಾದನಿಗೆ ಓದಲು ಬಾರದು. “ಓದ್ರಿ ಆಚಾರ್ರ,” ಅಂದ. ನಾನು ಓದಿದೆ.

“ಡ್ರೈವರ: ಪ್ರಯಾಣಿಕರ ಮರ್ಯಾದೆ ಕಾಯುವವನು. ಇವನ ಮೇಲಿನ ಪ್ರೀತಿಯಿಂದ ಜನ ತಾವಾಗಿಯೇ ಇಳಿದು, ನಡೆಯುವ ಬಸ್ಸನ್ನೂ ದಬ್ಬುತ್ತಾರೆ. ಹಿಂದಿನ ಎರಡು ಶಿಕಾಯತ್ ರದ್ದು.”

ಉಸ್ತಾದ ಅಲ್ಲೇ ಫುಟ್‌ಬೋರ್ಡಿನ ಮೇಲೆ ಕುಸಿದು ಕೂತ. “ಮುಂದ ಇನ್ನೊಂದು ಗೆರಿ ಕಾಣ್ತದಲ್ಲ?”

ಅದನ್ನೂ ಓದಿದೆ. “ಕಂಡಕ್ಟರ: ಬಾಯಿ ಬಹಳ ಕೆಟ್ಟದ್ದು. ವೃದ್ಧೆಯೊಬ್ಬಳಿಗೆ ಅವಾಚ್ಯವಾಗಿ ಬೈದನು. ಮೊದಲನೆಯ ಶಿಕಾಯತ್.”

ನನ್ನ ಇಡೀ ನೌಕರಿಯಲ್ಲಿ ನನ್ನ ಹೆಸರಿಗೆ ಬಿದ್ದದ್ದು ಅದೊಂದೇ. ಅದನ್ನು ದೇವರ ಪ್ರಸಾದ ಅಂತಲೇ ಕಣ್ಣಿಗೊತ್ತಿಕೊಂಡೆ. ರಾತ್ರಿ ಉಪವಾಸ ಮಾಡಿ, ಅಜ್ಜಿಯ ಹೆಸರಿನಲ್ಲಿ ನೂರೆಂಟು ನಾಮ ಹೇಳಿ ಪ್ರಾಯಶ್ಚಿತ್ತ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಹೋದೆ. ಉಸ್ತಾದ ನನಗಿಂತ ಮೊದಲೇ ಬಂದು, ನಾನು ಹಚ್ಚಬೇಕಾದ ಒಲೆಯನ್ನು ತಾನೇ ಹಚ್ಚಿ, ನಾನು ಕೂಡುವ ಸೀಟನ್ನು ತನ್ನ ಹೆಗಲ ಮೇಲಿನ ವಲ್ಲಿಯಿಂದ ಒರೆಸುತ್ತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ. ಕಣ್ಣಲ್ಲಿ ನೀರಿತ್ತು.

“ಬರ್ರಿ ಆಚಾರ್ರ,” ಅಂದ. “ಕೂಡ್ರಿ ಯಪ್ಪಾ.”

ನಾನು ಮರುಮಾತಿಲ್ಲದೆ ಟಿಕೀಟಿನ ಚೀಲ ಕೆಳಗಿಟ್ಟೆ, ಕಚ್ಚೆ ಬಿಗಿದೆ, ಬಸ್ಸಿನ ಹಿಂದಕ್ಕೆ ಹೋಗಿ ಎರಡೂ ಕೈ ಹಚ್ಚಿದೆ.